ಬಲೆಯಂಚಿನ ಸೀಸ



ಬೀಸುಬಲೆ ಬೀಸುವುದನ್ನು ನಮ್ಮ ಕಡೆಯವರೆಲ್ಲ ನೋಡಿರುತ್ತೀರಿ. ಕೆ.ಆರ್. ನಗರದವರಾದರೆ ಚುಂಚನಕಟ್ಟೆಯ ಕೆಳಗಿನ ಮಡುಗಳಲ್ಲಿ, ಇಲ್ಲವೇ ಸಾಗರಕಟ್ಟೆಯ ಹಿನ್ನೀರಿನಲ್ಲಿ. ಹುಣಸೂರಿನವರಾದರೆ ಲಕ್ಷ್ಮಣತೀರ್ಥದಲ್ಲೋ ಊರ ಕೆರೆಯಲ್ಲೋ. ಪಿರಿಯಾಪಟ್ಟಣದವರಾದರೆ ಕೊಪ್ಪದ ಹತ್ತಿರ ಕಾವೇರಿಯಲ್ಲಿ. ಎಚ್.ಡಿ. ಕೋಟೆಯವರಿಗಂತೂ ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ನಾಲ್ಕು ಜಲಾಶಯಗಳೇ ಇವೆ. ಎಡ ಮೊಣಕೈ ಮೇಲೆ ಒಂದಿಷ್ಟು ಬಲೆ, ಬಲಗೈಯಲ್ಲಿ ಒಂದಿಷ್ಟು, ಅಂಚಿನ ಒಂದು ತುದಿ ಹಲ್ಲಿನ ನಡುವೆ. ಸೊಂಟ ತಿರುಗಿಸಿ ಬೀಸಿದರೆ ಬಲೆ ಗಾಳಿಯಲ್ಲಿ ಅರಳಿ ದುಂಡಗೆ ನೀರಿಗೆ ಬೀಳುತ್ತದೆ. ನೋಡುವವರ ಕಣ್ಣು ಆ ದುಂಡಿನ ಮೇಲೆ. ಬೀಸುವವನ ಗಮನವೆಲ್ಲ ಅದರ ಅಂಚಿನ ಮೇಲೆ. ಏಕೆಂದರೆ ಬಲೆ ಅರಳುವುದೂ ಅಂಚಿನ ಭಾರದಿಂದಲೇ, ಮೀನು ಎಚ್ಚೆತ್ತು ಓಡುವುದರೊಳಗೆ ತಳ ಮುಟ್ಟುವುದೂ ಆ ಭಾರದಿಂದಲೇ. ಆ ಭಾರ ಸೀಸದ್ದು. ಅಂಚಿನ ಹಗ್ಗಕ್ಕೆ ಸಾಲಾಗಿ ಪೋಣಿಸಿದ ಸೀಸದ ಗುಂಡುಗಳು. ಈ ಗುಂಡುಗಳನ್ನು ಮನೆಯಲ್ಲೇ ಎರಕ ಹೊಯ್ಯುವವರು ಇನ್ನೂ ಇದ್ದಾರೆ. ಅವರಿಗಾಗಿ, ಅವರ ಮನೆಯವರಿಗಾಗಿ ಇವತ್ತಿನ ಮಾತು.

ಸೀಸವೇ ಏಕೆ ಬೇಕು? ಕಲ್ಲು, ಸುಟ್ಟ ಮಣ್ಣಿನ ಬಿಲ್ಲೆ, ಕಬ್ಬಿಣದ ಬಳೆ ಇವನ್ನೆಲ್ಲ ಬೇರೆ ಬೇರೆ ಕಡೆ ಬಲೆಗೆ ಕಟ್ಟಿದ್ದುಂಟು. ನೀರಿಗಿಳಿದ ಯಾವುದೇ ವಸ್ತು ತಾನು ಪಕ್ಕಕ್ಕೆ ಸರಿಸಿದ ನೀರಿನಷ್ಟು ತೂಕವನ್ನು ಕಳೆದುಕೊಳ್ಳುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವಲ್ಲ, ಆ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ದಡದಲ್ಲಿ ಐದು ಕಿಲೋ ತೂಗುವ ಗ್ರಾನೈಟ್ ಕಲ್ಲು ನೀರಿನೊಳಗೆ ಸುಮಾರು ಮೂರು ಕಿಲೋಗೆ ಇಳಿಯುತ್ತದೆ. ಸುಟ್ಟ ಮಣ್ಣು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಸೀಸ ನೀರಿಗಿಂತ 11 ಪಟ್ಟಿಗೂ ಹೆಚ್ಚು ಭಾರ. ಹಾಗಾಗಿ ಐದು ಕಿಲೋ ಸೀಸ ನೀರಿನಲ್ಲೂ ನಾಲ್ಕೂವರೆ ಕಿಲೋ ಆಗಿಯೇ ಉಳಿಯುತ್ತದೆ. ಅಷ್ಟು ಸೀಸ ಅರ್ಧ ಲೀಟರಿನ ಲೋಟದೊಳಗೆ ಹಿಡಿಯುತ್ತದೆ. ತೂಕದ ವಿಷಯಕ್ಕೆ ಕಬ್ಬಿಣವೂ ಹತ್ತಿರ ಹತ್ತಿರ ನಿಲ್ಲುತ್ತದೆ. ಅದು ಸೋಲುವುದು ತುಕ್ಕಿನಲ್ಲಿ. ತುಕ್ಕಿನ ಒರಟು ಹಗ್ಗವನ್ನು ತಿನ್ನುತ್ತದೆ, ನೂಲನ್ನು ಕತ್ತರಿಸುತ್ತದೆ. ಸೀಸ ನುಣುಪು, ಮೃದು, ತುಕ್ಕಿಲ್ಲ. ಇಕ್ಕಳದಲ್ಲಿ ಒತ್ತಿದರೆ ಹಗ್ಗವನ್ನು ಅಪ್ಪಿ ಕೂರುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಗುಣ, ಅದು ಕರಗುವ ಸುಲಭ. ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ಸೀಸಕ್ಕೆ 327 ಸಾಕು. ಮೂರು ಕಲ್ಲು, ನಾಲ್ಕು ಸೌದೆ, ಒಂದು ಬಾಣಲೆ ಇದ್ದರೆ ಆಯಿತು. ಈ ಸುಲಭವನ್ನು ನಮ್ಮ ನಾಡು ಬಹಳ ಹಿಂದೆಯೇ ಕಂಡುಕೊಂಡಿತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮೈಸೂರಿನ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು 1929ರ ಹೊತ್ತಿಗೆ, ಆಮೇಲೆ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಅಗೆಸಿದರು. ಶಾತವಾಹನರ ಕಾಲದ ಸೀಸದ ನಾಣ್ಯಗಳಿಗೆ ಹೆಸರಾದ ಜಾಗ ಅದು. ಎರಡು ಸಾವಿರ ವರ್ಷದ ಹಿಂದೆ ಈ ಲೋಹ ದುಡ್ಡೇ ಆಗಿತ್ತು. ಈಗ ಗುಜರಿ ಅಂಗಡಿಯ ಮೂಲೆಯಲ್ಲಿ ಗೋಣಿಚೀಲದಲ್ಲಿ ಬಿದ್ದಿರುತ್ತದೆ.

ನನ್ನ ಮಾತೆಲ್ಲ ಆ ಮೂಲೆಯಿಂದ ಶುರುವಾಗಬೇಕು. ಸೀಸವನ್ನು ಶುದ್ಧ ಮಾಡುವುದು ಎಂದರೆ ಬಾಣಲೆಯಲ್ಲಿ ಕರಗಿಸಿ ಮೇಲಿನ ಕೆನೆ ತೆಗೆಯುವುದು ಎಂದು ಬಹಳ ಜನ ತಿಳಿದಿದ್ದಾರೆ. ಅದು ಅರ್ಧ ಮಾತ್ರ. ಮಿಕ್ಕ ಅರ್ಧ ಗುಜರಿ ಅಂಗಡಿಯ ತಕ್ಕಡಿಯ ಮುಂದೆಯೇ ಆಗಿಹೋಗಬೇಕು. ಯಾವ ಸೀಸ ತಂದಿರಿ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಅಂಗಡಿಯವರನ್ನು ಕೇಳಿ ನೋಡಿ, "ಸೀಸ ಸೀಸಾನೇ ಕಣಣ್ಣ, ಕರಗಿದ್ ಮೇಲೆ ಎಲ್ಲಾ ಒಂದೇ" ಅನ್ನುತ್ತಾರೆ. ತೂಕ ಹಾಕಿ ಮಾರುವವರಿಗೆ ಅದು ನಿಜ. ಕರಗಿಸುವವರಿಗೆ ಅಲ್ಲ.

ಎಲ್ಲಕ್ಕಿಂತ ಒಳ್ಳೆಯ ಸೀಸ ಹಳೇ ಬಲೆಯ ಗುಂಡು. ಅದನ್ನು ಒಮ್ಮೆ ಯಾರೋ ಕರಗಿಸಿ, ಕಿಟ್ಟ ತೆಗೆದು ಎರಕ ಹೊಯ್ದಾಗಿದೆ. ಬಲೆ ಹರಿದರೂ ಗುಂಡಿಗೆ ವಯಸ್ಸಾಗುವುದಿಲ್ಲ. ಎಷ್ಟೋ ಸಲ ಕರಗಿಸುವ ಅಗತ್ಯವೂ ಇಲ್ಲ, ಇಕ್ಕಳದಲ್ಲಿ ಬಾಯಿ ಬಿಡಿಸಿ ಹೊಸ ಹಗ್ಗಕ್ಕೆ ಕೂರಿಸಿ ಒತ್ತಿದರೆ ಮುಗಿಯಿತು. ಅದು ಬಿಟ್ಟರೆ ಹಳೆಯ ಟೆಲಿಫೋನ್ ಕೇಬಲ್ಲಿನ ಮೇಲಿನ ಸೀಸದ ಹೊದಿಕೆ, ಹಳೇ ಕಟ್ಟಡಗಳ ಸೀಸದ ಕೊಳವೆ. ಇವು ಬಹುಮಟ್ಟಿಗೆ ಶುದ್ಧವಾದ, ಮೆತ್ತನೆಯ ಸೀಸ. ಬಲೆಗೆ ಹೇಳಿ ಮಾಡಿಸಿದ್ದು. (ಆ ಕೇಬಲ್ಲು ಯಾವ ರಸ್ತೆಯ ಬದಿಯಿಂದ ಎದ್ದು ಬಂತು ಎಂದು ಕೇಳಿಕೊಳ್ಳುವುದೂ ಒಳ್ಳೆಯದೇ.)

ಟೈರ್ ಅಂಗಡಿಯಲ್ಲಿ ಚಕ್ರದ ಬ್ಯಾಲೆನ್ಸ್ ಸರಿಮಾಡಲು ರಿಮ್ಮಿನ ಅಂಚಿಗೆ ಹೊಡೆಯುವ ತೂಕದ ತುಂಡುಗಳು ಮೂರನೆಯ ಬಗೆ. ಇದರಲ್ಲಿ ಸೀಸದ ಜೊತೆ ಸ್ವಲ್ಪ ಆಂಟಿಮನಿ ಇರುತ್ತದೆ, ಹಾಗಾಗಿ ಗಟ್ಟಿ. ಅಚ್ಚಿನ ಮೂಲೆ ಮೂಲೆಗೂ ಚೆನ್ನಾಗಿ ಹರಿಯುತ್ತದೆ. ತೊಂದರೆ ಏನೆಂದರೆ ಈಚೆಗೆ ಬರುವ ತುಂಡುಗಳಲ್ಲಿ ಕಬ್ಬಿಣದವೂ ಸತುವಿನವೂ ಬೆರೆತಿರುತ್ತವೆ. ಯುರೋಪಿನಲ್ಲಿ 2005ರಿಂದ ಚಕ್ರಕ್ಕೆ ಸೀಸ ಹೊಡೆಯುವಂತಿಲ್ಲ. ಗುರುತಿಸುವುದು ಕಷ್ಟವಲ್ಲ. ಕಲ್ಲಿನ ಮೇಲೆ ಬೀಳಿಸಿ ನೋಡಿ, ಸೀಸ ದಬ್ ಎನ್ನುತ್ತದೆ, ಸತು ಠಣ್ ಎನ್ನುತ್ತದೆ. ಚೂರಿಯಲ್ಲಿ ಕೆತ್ತಿದರೆ ಸೀಸ ಸಿಪ್ಪೆಯಾಗಿ ಏಳುತ್ತದೆ, ಸತು ಏಳುವುದಿಲ್ಲ. ಕಾಗದಕ್ಕೆ ಉಜ್ಜಿದರೆ ಸೀಸ ಪೆನ್ಸಿಲಿನ ಹಾಗೆ ಗೆರೆ ಬಿಡುತ್ತದೆ.

ಅಚ್ಚುಮೊಳೆಯ ಕಥೆ ಬೇರೆ. ಮೊಳೆ ಜೋಡಿಸಿ ಲಗ್ನಪತ್ರಿಕೆ, ಕರಪತ್ರ, ಪುಸ್ತಕ ಅಚ್ಚುಹಾಕುತ್ತಿದ್ದ ಪ್ರೆಸ್ಸುಗಳು ಆಫ್‌ಸೆಟ್ಟೂ ಕಂಪ್ಯೂಟರೂ ಬಂದಮೇಲೆ ಒಂದೊಂದಾಗಿ ಬಾಗಿಲು ಹಾಕಿದವು. ಮೊಳೆಗಳು ಕಿಲೋ ಲೆಕ್ಕದಲ್ಲಿ ಗುಜರಿಗೆ ಬಂದವು. ಒತ್ತಕ್ಷರ, ದೀರ್ಘ, ಕೊಂಬು ಎಲ್ಲವೂ ಒಂದೇ ಚೀಲದಲ್ಲಿ. ಅವುಗಳಲ್ಲಿ ಎಷ್ಟು ಕರಗಿ ಏನೇನಾದವೋ ಯಾರು ಲೆಕ್ಕ ಇಟ್ಟಿದ್ದಾರೆ? ನನಗಂತೂ ಆ ಮೊಳೆಗಳನ್ನು ಕರಗಿಸುವುದಕ್ಕೆ ಮನಸ್ಸು ಬಾರದು. ಮನಸ್ಸಿನ ಮಾತು ಬಿಡಿ, ಬಲೆಗೆ ಅದು ಒಗ್ಗುವುದೂ ಇಲ್ಲ. ಮೊಳೆಯ ಲೋಹದಲ್ಲಿ ಸೀಸಕ್ಕೆ ಆಂಟಿಮನಿಯನ್ನೂ ತವರವನ್ನೂ ಧಾರಾಳವಾಗಿ ಸೇರಿಸಿರುತ್ತಾರೆ, ಅಕ್ಷರದ ಅಂಚು ಸವೆಯದಿರಲಿ ಎಂದು. ಆ ಗಟ್ಟಿತನವೇ ಇಲ್ಲಿ ದೋಷ. ಹಗ್ಗಕ್ಕೆ ಒತ್ತಲು ಹೋದರೆ ಬಿರುಕು ಬಿಡುತ್ತದೆ.

ಇನ್ನು ಬ್ಯಾಟರಿ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಸುಲಭವಾಗಿ ಕೈಗೆ ಸಿಗುವ ಸೀಸ ಅದೇ. ಟ್ರ್ಯಾಕ್ಟರಿನ ಬ್ಯಾಟರಿ, ಮನೆಯ ಯುಪಿಎಸ್ ಬ್ಯಾಟರಿ, ಕಾಡಂಚಿನ ಹೊಲಗಳಲ್ಲಿ ಆನೆ ತಡೆಯಲು ಹಾಕಿದ ಸೋಲಾರ್ ಬೇಲಿಯ ಬ್ಯಾಟರಿ, ಹಾಡಿಯ ಸೋಲಾರ್ ದೀಪದ ಬ್ಯಾಟರಿ. ನಾಲ್ಕೈದು ವರ್ಷಕ್ಕೆ ಸತ್ತು ಮೂಲೆ ಸೇರುತ್ತವೆ. ಒಡೆದರೆ ಒಳಗೆ ಕಿಲೋಗಟ್ಟಲೆ ಸೀಸ. ಆಸೆಯಾಗುವುದು ಸಹಜ.

ಆದರೆ ಆ ಸೀಸದ ದೊಡ್ಡ ಪಾಲು ಲೋಹವಾಗಿ ಇರುವುದಿಲ್ಲ. ತಟ್ಟೆಯ ಜಾಲರಿ ಮಾತ್ರ ಲೋಹ. ಜಾಲರಿಯ ಕಣ್ಣುಗಳಲ್ಲಿ ತುಂಬಿದ ಬೂದು, ಕಂದು ಬಣ್ಣದ ಹಿಟ್ಟು ಸೀಸದ ಸಲ್ಫೇಟು, ಸೀಸದ ಆಕ್ಸೈಡು. ಸೌದೆ ಒಲೆಯ ಬಾಣಲೆಯಲ್ಲಿ ಸೀಸದ ಸಲ್ಫೇಟು ಜಪ್ಪಯ್ಯ ಎಂದರೂ ಕರಗದು, ಅದಕ್ಕೆ ಸಾವಿರ ಡಿಗ್ರಿ ದಾಟಬೇಕು. ಹಾಗಾದರೆ ಏನಾಗುತ್ತದೆ? ಜಾಲರಿಯ ಅಷ್ಟೋ ಇಷ್ಟೋ ಸೀಸ ಕರಗಿ ತಳಕ್ಕೆ ಇಳಿಯುತ್ತದೆ. ಹಿಟ್ಟು ಮೇಲೆ ಬೂದಿಯಾಗಿ ಉಳಿಯುತ್ತದೆ. ಅದನ್ನು ಕಸ ಎಂದು ಕೆದಕಿ ಹಿತ್ತಲಿಗೆ ಸುರಿಯುತ್ತೇವೆ. ಆ ಬೂದಿಯ ಮುಕ್ಕಾಲು ಪಾಲು ಸೀಸವೇ. ಅದೂ ಹೇಗೆ, ಗಾಳಿಗೆ ಹಾರುವಷ್ಟು ನಯವಾಗಿ, ಹೊಟ್ಟೆಯಲ್ಲಿ ಕರಗುವ ರೂಪದಲ್ಲಿ. ಜೊತೆಗೆ ಆಮ್ಲದ ಹೊಗೆ ಎದೆಗೆ ಕೂರುತ್ತದೆ. ಈಗಿನ ಮೆಯಿಂಟೆನೆನ್ಸ್ ಬೇಡದ ಬ್ಯಾಟರಿಗಳ ಜಾಲರಿಯಲ್ಲಿ ಕ್ಯಾಲ್ಸಿಯಂ ಬೆರೆತಿರುತ್ತದೆ. ಅದನ್ನು ಆಂಟಿಮನಿಯೋ ಆರ್ಸೆನಿಕ್ಕೋ ಇರುವ ಸೀಸದ ಜೊತೆ ಕರಗಿಸಿ, ಆ ಕಿಟ್ಟದ ಮೇಲೆ ಮಳೆನೀರು ಬಿದ್ದರೆ ಸ್ಟಿಬೀನ್, ಆರ್ಸೀನ್ ಎಂಬ ಘೋರ ವಿಷಾನಿಲಗಳು ಏಳಬಲ್ಲವು. ಲಾಭ ಎಷ್ಟು, ಅಪಾಯ ಎಷ್ಟು, ತೂಗಿ ನೋಡಿ. ಬ್ಯಾಟರಿ ಸೀಸ ಮನೆಯ ಬಾಣಲೆಗೆ ಅಲ್ಲವೇ ಅಲ್ಲ.

ಇದು ಸುಮ್ಮನೆ ಹೆದರಿಸುವ ಮಾತಲ್ಲ. ಆಫ್ರಿಕಾದ ಪಶ್ಚಿಮ ಕರಾವಳಿಯಲ್ಲಿ ಸೆನೆಗಲ್ ಎಂಬ ದೇಶವಿದೆ. ಅದರ ರಾಜಧಾನಿ ಡಕಾರ್ ಪಕ್ಕದಲ್ಲೇ ತಿಯಾರೊಯ್ ಎಂಬ ಮೀನುಗಾರರ ಊರು. ಅಲ್ಲಿನ ಕಮ್ಮಾರರು ವರ್ಷಗಳ ಕಾಲ ಮಾಡುತ್ತಿದ್ದುದು ಇದೇ ಕೆಲಸ. ಹಳೇ ಕಾರ್ ಬ್ಯಾಟರಿ ಒಡೆದು, ಸೀಸ ತೆಗೆದು, ಮೀನುಬಲೆಗೆ ಗುಂಡು ಎರಕ ಹೊಯ್ಯುವುದು. ಒಡೆದ ಬ್ಯಾಟರಿಯ ಪುಡಿಯೆಲ್ಲ ಊರ ಮರಳಿನಲ್ಲಿ ಬೆರೆಯುತ್ತ ಹೋಯಿತು. ಯಾರಿಗೂ ಏನೂ ಆದಂತೆ ಕಾಣಲಿಲ್ಲ. ಆಮೇಲೆ ಜಗತ್ತಿನ ಮಾರುಕಟ್ಟೆಯಲ್ಲಿ ಸೀಸದ ಬೆಲೆ ಏರಿತು. ವ್ಯಾಪಾರಿಗಳು ಬಂದು, ಆ ಮಣ್ಣಿನಲ್ಲಿರುವ ಸೀಸದ ಹರಳು ಆರಿಸಿಕೊಟ್ಟರೆ ದುಡ್ಡು ಕೊಡುತ್ತೇವೆ ಎಂದರು. ಊರಿನ ಹೆಂಗಸರು ಮಣ್ಣು ಅಗೆದು, ಜರಡಿ ಹಿಡಿದರು. ಚೀಲಗಳನ್ನು ಮನೆಯೊಳಗೇ ಇಟ್ಟರು. ಬೆನ್ನ ಮೇಲೂ ಮಗ್ಗುಲಲ್ಲೂ ಮಕ್ಕಳು. ಮೊದಲು ಆಡು, ಕೋಳಿ ಸತ್ತವು. 2007ರ ನವೆಂಬರಿನಿಂದ 2008ರ ಮಾರ್ಚ್ ಒಳಗೆ 18 ಮಕ್ಕಳು ಸತ್ತವು. ಮೊದಮೊದಲು ಮಲೇರಿಯಾ ಅಂದುಕೊಂಡರು, ಫಿಟ್ಸ್ ಅಂದುಕೊಂಡರು. ಆಮೇಲೆ ರಕ್ತ ಪರೀಕ್ಷೆ ಮಾಡಿದ 81 ಜನರಲ್ಲಿ ಒಬ್ಬರೂ ಬಿಡದೆ ಎಲ್ಲರ ಮೈಯಲ್ಲೂ ಸೀಸದ ವಿಷ ಏರಿತ್ತು. ಅವರಲ್ಲಿ 50 ಮಕ್ಕಳು. ಆ ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ ಸರಾಸರಿ ಸುಮಾರು 130 ಮೈಕ್ರೋಗ್ರಾಂ ಸೀಸ. 5 ಮೈಕ್ರೋಗ್ರಾಂ ಮುಟ್ಟಿದರೆ ಸಾಕು, ಎಲ್ಲಿಂದ ಬಂತು ಎಂದು ಹುಡುಕಿ ತಡೆಯಿರಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಈ ಕಥೆಯಲ್ಲಿ ನಾನು ಗಮನಿಸುವುದು ಒಂದು ಸಂಗತಿ. ಕೊಂದದ್ದು ಬಾಣಲೆಯಲ್ಲಿ ಫಳಫಳ ಹೊಳೆಯುತ್ತಿದ್ದ ಸೀಸ ಅಲ್ಲ. ಕಸ ಎಂದು ಬಿಸಾಡಿದ ಪುಡಿ, ಅದು ಸೇರಿದ ಮಣ್ಣು. ನಾವು ಹೆದರುವುದು ಬೆಂಕಿಗೆ, ಕಾದ ಲೋಹಕ್ಕೆ. ಹೆದರಬೇಕಾದದ್ದು ಆರಿದ ಬೂದಿಗೆ.

ಹಾಗೆಂದು ಬೆಂಕಿಯ ಮುಂದೆ ಮೈಮರೆಯುವಂತಿಲ್ಲ. ಹೊಳೆ ತುಂಬಿ ಕೆಂಪು ನೀರು ಬರುವ ದಿನಗಳಲ್ಲಿ ಬಲೆ ಮನೆ ಸೇರುತ್ತದೆ, ರಿಪೇರಿ ಕೆಲಸ ಶುರುವಾಗುತ್ತದೆ. ಆ ಕಾಲದಲ್ಲೇ ಎಲ್ಲಕ್ಕೂ ತೇವ ಹಿಡಿದಿರುತ್ತದೆ. ಕರಗಿದ ಸೀಸದೊಳಗೆ ತೇವದ ತುಂಡು ಮುಳುಗಿತೆಂದರೆ ಆ ನೀರು ಒಂದೇ ಕ್ಷಣದಲ್ಲಿ ಆವಿಯಾಗಿ ಸಾವಿರದ ಆರುನೂರು ಪಟ್ಟು ಉಬ್ಬುತ್ತದೆ. ಬಾಣಲೆಯಲ್ಲಿದ್ದದ್ದೆಲ್ಲ ಮುಖಕ್ಕೆ ಎಗರುತ್ತದೆ. ಒಂದು ಹನಿ ಬೆವರು ಬಿದ್ದರೂ ಸಿಡಿಯುತ್ತದೆ. ಆದ್ದರಿಂದ ಗುಜರಿಯಿಂದ ತಂದದ್ದನ್ನು ಬಿಸಿಲಿಗೆ ಒಣಗಿಸಬೇಕು. ತಣ್ಣಗಿರುವ ಬಾಣಲೆಗೇ ಎಲ್ಲವನ್ನೂ ಹಾಕಿ, ಆಮೇಲೆ ಉರಿ ಕೊಡಬೇಕು. ಕಡಿಮೆಯಾಯಿತು ಎಂದು ನಡುವೆ ಹಸಿ ತುಂಡು ಎಸೆಯಬಾರದು. ಕೊಳವೆಯ ತುಂಡಾದರೆ ಸೀಳಿ ಬಿಡಿಸಿ ನೋಡಿ, ಒಳಗೆ ನೀರು ನಿಂತಿರಬಹುದು. ಹಸಿ ಮಣ್ಣಿನ ಅಚ್ಚಿಗೆ ಹೊಯ್ಯುವುದಂತೂ ಬೇಡವೇ ಬೇಡ.

ಬಾಣಲೆ ಕಬ್ಬಿಣದ್ದೇ ಆಗಬೇಕು. ಅಲ್ಯೂಮಿನಿಯಂ ಪಾತ್ರೆ ಬೇಡ. ಅದು ಕರಗುವುದೇ 660 ಡಿಗ್ರಿಗೆ, ಅದಕ್ಕೂ ಮೊದಲೇ ಮೆತ್ತಗಾಗಿ ಭಾರಕ್ಕೆ ತಳ ಬಿಟ್ಟುಕೊಂಡೀತು. ಒಂದು ಲೀಟರಿನಷ್ಟು ಸೀಸ ಎಂದರೆ ಹತ್ತು ಕಿಲೋ ಮೀರುತ್ತದೆ, ಹಿಡಿಕೆ ಅದನ್ನು ತಡೆಯಬೇಕು. ಸೀಸ ಕಂಡ ಬಾಣಲೆ, ಸೌಟು ಮತ್ತೆ ಅಡುಗೆಮನೆಗೆ ಬರಬಾರದು. ಎಷ್ಟು ಉಜ್ಜಿ ತೊಳೆದರೂ ಬರಬಾರದು. ಕಲಾಯಿ ಮಾಡುವಾಗ ತವರದ ಜೊತೆ ಅಗ್ಗದ ಸೀಸ ಬೆರೆಸುವ ಮೋಸ ಹಳೆಯದು. ಅಂಥ ಪಾತ್ರೆಯಲ್ಲಿ ಹುಣಿಸೆಹುಳಿಯ ಸಾರು ಕುದಿಸಿದರೆ ಸೀಸ ಸಾರಿಗಿಳಿಯುತ್ತದೆ. ಬೇಕೆಂದೇ ಅದನ್ನು ಮನೆಗೆ ತಂದುಕೊಳ್ಳುವುದೇಕೆ?

ಉರಿಯ ಹದ ಈ ಕೆಲಸದ ಜೀವ. ಸೊಪ್ಪು ಹದ ಮಾಡುವ ಬ್ಯಾರನ್ನಿನ ಮುಂದೆ ರಾತ್ರಿಯೆಲ್ಲ ಕೂತು, ಥರ್ಮಾಮೀಟರ್ ನೋಡಿ ನೋಡಿ ಸೌದೆ ಒಳಗೆ ತಳ್ಳುವ, ಹೊರಗೆ ಎಳೆಯುವ ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದು ಡಿಗ್ರಿ ಆಚೀಚೆಯಾದರೆ ಸೊಪ್ಪಿನ ಬಣ್ಣ ಕೆಡುತ್ತದೆ ಎಂದು ಅವರಿಗೆ ಗೊತ್ತು. ಇಲ್ಲಿ ಕೆಡುವುದು ನಮ್ಮ ರಕ್ತ. 350ರಿಂದ 400 ಡಿಗ್ರಿಯೊಳಗೆ ಸೀಸದಿಂದ ಏಳುವ ಆವಿ ತೀರ ಕಡಿಮೆ. 500 ದಾಟಿದ ಮೇಲೆ ಅದು ಏರುತ್ತ ಹೋಗುತ್ತದೆ. ಸೌದೆಯ ಉರಿಯನ್ನು ಬಿಟ್ಟರೆ ಸಲೀಸಾಗಿ ಅದನ್ನು ದಾಟುತ್ತದೆ. ಈ ಆವಿ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ವಾಸನೆಯಿಲ್ಲ. ಥರ್ಮಾಮೀಟರ್ ಇಲ್ಲದವರು ಬಣ್ಣ ನೋಡಬೇಕು. ಸೌಟಿನಿಂದ ಮೇಲಿನ ಪದರ ಸರಿಸಿದಾಗ ಒಳಗಿನ ಸೀಸ ಬೆಳ್ಳಿಯ ಹಾಗೆ ಕಂಡು, ಕೆಲಕಾಲ ಹಾಗೇ ಇದ್ದರೆ ಹದ ಸರಿ. ಸರಿಸಿದ ಕೂಡಲೇ ಹೊಂಬಣ್ಣಕ್ಕೆ, ಅಲ್ಲಿಂದ ನೇರಳೆ, ನೀಲಿಗೆ ತಿರುಗಿದರೆ ಕಾವು ಹೆಚ್ಚಾಗಿದೆ. ಹಳದಿ ಪುಡಿ ಕಟ್ಟತೊಡಗಿದರೆ ಸೌದೆ ಎಳೆಯಿರಿ, ಮಾತೇ ಬೇಡ. ಬಣ್ಣ ಚೆಂದ ಕಾಣುತ್ತದೆಂದು ನೋಡುತ್ತ ನಿಲ್ಲುವವರೂ ಇದ್ದಾರೆ. ಸೌದೆಗಿಂತ ಗ್ಯಾಸಿನ ಒಲೆಯಲ್ಲಿ ಹದ ಹಿಡಿಯುವುದು ಸುಲಭ, ಆದರೆ ಅದನ್ನೂ ಬಯಲಿನಲ್ಲೇ ಇಡಬೇಕು. ಗಾಳಿ ಬೆನ್ನ ಕಡೆಯಿಂದ ಬರುವ ಹಾಗೆ ನಿಲ್ಲಬೇಕು. ಮುಖಕ್ಕೆ ಸುತ್ತಿದ ಟವಲ್ ಈ ಆವಿಯನ್ನು ತಡೆಯುವುದಿಲ್ಲ.

ಕಾವು ನಿಧಾನವಾಗಿ ಏರಿದರೆ ಇನ್ನೊಂದು ಲಾಭ. ಸೀಸ 327ಕ್ಕೇ ನೀರಾಗುತ್ತದೆ, ಸತು ಕರಗಲು 419 ಡಿಗ್ರಿಗೂ ಮೇಲೆ ಬೇಕು. ನಡುವಿನ ಹೊತ್ತಿನಲ್ಲಿ ಕಣ್ತಪ್ಪಿ ಬಂದ ಸತುವಿನ ತುಂಡು ಇಡಿಯಾಗಿ ಮೇಲೆ ತೇಲುತ್ತಿರುತ್ತದೆ. ಇಕ್ಕಳದಲ್ಲಿ ಎತ್ತಿ ಎಸೆಯಬಹುದು. ಆತುರಪಟ್ಟರೆ ಅದೂ ಕರಗಿ ಬೆರೆತು, ಸೀಸ ಗಂಜಿಯಾಗಿ ಅಚ್ಚಿಗೆ ಇಳಿಯಲಾರದೆ ನಿಲ್ಲುತ್ತದೆ. ಚಕ್ರದ ತುಂಡಿನ ಕಬ್ಬಿಣದ ಕೊಕ್ಕೆಗಳೂ ಹೀಗೆಯೇ ತೇಲುತ್ತವೆ. ಕಬ್ಬಿಣ ತೇಲುವುದನ್ನು ಮೊದಲ ಸಲ ನೋಡಿದ ಹುಡುಗರು ಬಾಯಿ ಬಿಟ್ಟು ನೋಡುತ್ತಾರೆ. ನೋಡಲಿ, ಆದರೆ ದೂರದಿಂದ.

ಇನ್ನು ಕಿಟ್ಟ ತೆಗೆಯುವ ಕೆಲಸ. ಕರಗಿದ ಸೀಸದ ಮೇಲೆ ಬೂದು ಕೆನೆ ಕಟ್ಟುತ್ತದೆ. ಅದರಲ್ಲಿ ಮಣ್ಣು, ಬಣ್ಣದ ಚಕ್ಕೆ, ಎಣ್ಣೆಜಿಡ್ಡು ಇರುವ ಹಾಗೆ ಗಾಳಿ ತಾಗಿ ಆಕ್ಸೈಡಾದ ಸೀಸವೂ ಇರುತ್ತದೆ. ಎಲ್ಲವನ್ನೂ ಕಸವೆಂದು ತೆಗೆದರೆ ನಷ್ಟವೂ ಹೌದು, ಬೂದಿಯೂ ಜಾಸ್ತಿ. ಅದಕ್ಕೆ ಒಂದು ಹಿಡಿ ಒಣ ಮರದ ಹೊಟ್ಟು ಹಾಕಬೇಕು. ನಾಟಾ ವ್ಯಾಪಾರದ ಹುಣಸೂರಿನಲ್ಲಿ ಹೊಟ್ಟಿಗೆ ಬರವೇ? ಇಲ್ಲದಿದ್ದರೆ ಮೇಣದಬತ್ತಿಯ ಚೂರು. ಹೊಟ್ಟು ಹೊಗೆಯಾಡಿ ಕರಿಯಾಗುತ್ತದೆ. ಆ ಇದ್ದಿಲು ಆಕ್ಸೈಡಿನಲ್ಲಿರುವ ಆಮ್ಲಜನಕವನ್ನು ತಾನು ಕಿತ್ತುಕೊಂಡು ಸೀಸವನ್ನು ಮತ್ತೆ ಲೋಹವಾಗಿಸಿ ಕೆಳಗೆ ಬಿಡುತ್ತದೆ. ಸೌಟಿನಿಂದ ತಳದವರೆಗೂ ನಿಧಾನವಾಗಿ ಕಲಕಬೇಕು, ಬಾಣಲೆಯ ಗೋಡೆ ಕೆರೆಯಬೇಕು. ಮೇಣ ಹಾಕಿದರೆ ಭಗ್ಗೆಂದು ಹೊತ್ತಿಕೊಳ್ಳುತ್ತದೆ, ಮುಖ ಹಿಂದಿರಲಿ. ಕೊನೆಗೆ ಉಳಿಯುವುದು ಒಣಗಿದ ಕರಿ ಪುಡಿ. ಅದನ್ನು ಮೆಲ್ಲಗೆ ಕೆನೆ ತೆಗೆದ ಹಾಗೆ ತೆಗೆದು ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಬೇಕು. ಊದಬಾರದು, ಜಾಡಿಸಬಾರದು.

ಎರಕ ಹೊಯ್ಯುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕೈಯಲ್ಲಿ ಕೆಲಸ ಇರುವವರಿಗೆ ಅದು ಗೊತ್ತೇ ಇದೆ. ಬಳಪದ ಕಲ್ಲಿನ ಎರಡು ಹೋಳಿನ ಅಚ್ಚು ಕಾವನ್ನು ಚೆನ್ನಾಗಿ ತಾಳುತ್ತದೆ, ಚೂರಿಯಲ್ಲೇ ಕೊರೆಯಲು ಬರುತ್ತದೆ. ಹಗ್ಗದ ತೂತಿಗೆ ಸೈಕಲ್ಲಿನ ಕಡ್ಡಿ ಇಟ್ಟು, ಅಚ್ಚಿಗೂ ಕಡ್ಡಿಗೂ ದೀಪದ ಮಸಿ ಹಿಡಿಸಿದರೆ ಗುಂಡು ಅಂಟಿಕೊಳ್ಳದೆ ಬಿಡುತ್ತದೆ. ಅಚ್ಚು ಬೆಚ್ಚಗಿರಬೇಕು. ಮೊದಲ ಕೆಲವು ಗುಂಡು ಸುಕ್ಕುಸುಕ್ಕಾಗಿ ಬಂದರೆ ಅಚ್ಚು ಇನ್ನೂ ಕಾದಿಲ್ಲ ಎಂದರ್ಥ. ಅವನ್ನು ವಾಪಸ್ ಬಾಣಲೆಗೆ ಹಾಕುವಾಗಲೂ ಮೆಲ್ಲಗೆ.

ಕೆಲಸ ಮುಗಿದ ಮೇಲಿನ ಹೊತ್ತೇ ನನಗೆ ಹೆಚ್ಚು ಚಿಂತೆಯ ಹೊತ್ತು. ಸೀಸ ಮೈ ಸೇರುವ ದೊಡ್ಡ ದಾರಿ ಬಾಯಿ. ಗುಂಡು ಮುಟ್ಟಿದ ಕೈಯಲ್ಲಿ ಬೀಡಿ ಹಚ್ಚುತ್ತೇವೆ, ಎಲೆಗೆ ಸುಣ್ಣ ಬಳಿಯುತ್ತೇವೆ. ಗುಂಡನ್ನು ಹಲ್ಲಿನಲ್ಲೇ ಒತ್ತುವವರಿದ್ದಾರೆ. ಬೀಸುವಾಗ ಬಾಯಲ್ಲಿ ಕಚ್ಚುವ ಅಭ್ಯಾಸವನ್ನಂತೂ ಆಗಲೇ ಹೇಳಿದೆ. ಕಚ್ಚಲೇಬೇಕಾದರೆ ಗುಂಡಿನ ಬದಲು ನೂಲನ್ನು ಕಚ್ಚಿ. ಕೈ, ಮುಖ, ಉಗುರಿನ ಸಂದು ಸೋಪಿನಿಂದ ತೊಳೆಯದೆ ಏನನ್ನೂ ಬಾಯಿಗಿಡಬೇಡಿ. ಖಾಲಿ ಹೊಟ್ಟೆಯಲ್ಲಿ ಸೀಸ ಹೆಚ್ಚು ಹೀರಿಕೆಯಾಗುತ್ತದೆ, ಆದ್ದರಿಂದ ಉಂಡು ಕೆಲಸಕ್ಕೆ ಕೂರುವುದು ಒಳ್ಳೆಯದು. ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ನೆನೆಹಾಕಬೇಡಿ. ಕೂತ ಜಾಗವನ್ನು ಪೊರಕೆಯಲ್ಲಿ ಗುಡಿಸಿದರೆ ಧೂಳು ಎದ್ದು ಹರಡುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಕಿಟ್ಟವನ್ನು ತಿಪ್ಪೆಗೆ ಎಸೆದರೆ ತಿಪ್ಪೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ, ಹೊಲದಿಂದ ಸೊಪ್ಪಾಗಿ ಮನೆಗೆ ಬರುತ್ತದೆ. ಸೀಸ ಕೊಳೆಯುವುದಿಲ್ಲ, ಆರುವುದಿಲ್ಲ, ಬಿದ್ದಲ್ಲೇ ಇರುತ್ತದೆ. ಕಿಟ್ಟದ ಡಬ್ಬಿ ತುಂಬಿದಾಗ ಹಳೇ ಬ್ಯಾಟರಿ ಕೊಳ್ಳುವ ಪರವಾನಗಿ ಇರುವವರಿಗೆ ಕೊಡುವುದೇ ಸರಿ.

ದೊಡ್ಡವರು ತಿಂದ ಸೀಸದಲ್ಲಿ ಹತ್ತರಲ್ಲಿ ಒಂದು ಪಾಲು ರಕ್ತಕ್ಕೆ ಸೇರಿದರೆ ಚಿಕ್ಕ ಮಕ್ಕಳಲ್ಲಿ ಅರ್ಧದಷ್ಟು ಸೇರಬಲ್ಲದು. ರಕ್ತದಿಂದ ಅದು ಒಂದೆರಡು ತಿಂಗಳಲ್ಲಿ ಇಳಿದರೂ ಮೂಳೆಯೊಳಗೆ ದಶಕಗಳ ಕಾಲ ಕೂತಿರುತ್ತದೆ. ಹೆಣ್ಣುಮಗಳು ಬಸುರಿಯಾದಾಗ ಮೂಳೆಯ ಕ್ಯಾಲ್ಸಿಯಂ ಜೊತೆ ಕರಗಿ ಬಂದು ಹೊಟ್ಟೆಯ ಕೂಸಿಗೆ ದಾಟುತ್ತದೆ. ಮಗುವಿನಲ್ಲಿ ಅದು ಜ್ವರದ ಹಾಗೆ ಕಾಣಿಸಿಕೊಳ್ಳುವುದಿಲ್ಲ. ಕಲಿಕೆ ಹಿಂದೆ ಬೀಳುತ್ತದೆ, ಗಮನ ನಿಲ್ಲುವುದಿಲ್ಲ, ರಕ್ತ ಕಡಿಮೆಯಾಗುತ್ತದೆ. ಹುಡುಗ ದಡ್ಡ ಎಂದುಬಿಡುತ್ತೇವೆ. ಇಷ್ಟರವರೆಗೆ ಇದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಸೀಸಕ್ಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ಸೊಪ್ಪಿನಲ್ಲಿ ಕಬ್ಬಿಣ. ಇವೆರಡರ ಕೊರತೆ ಇರುವ ಮೈ ಸೀಸವನ್ನು ಹೆಚ್ಚು ಹೀರುತ್ತದೆ, ಹಾಗಾಗಿ ಮುದ್ದೆ, ಸೊಪ್ಪಿನ ಸಾರು ಮಕ್ಕಳಿಗೆ ತಪ್ಪದಿರಲಿ. ಆದರೆ ಬೆಲ್ಲ ತಿಂದರೆ, ಹಾಲು ಕುಡಿದರೆ ಮೈಯೊಳಗಿನ ಸೀಸ ಹೊರಗೆ ಹೋಗುತ್ತದೆ ಎಂಬ ಮಾತನ್ನು ನಂಬಬೇಡಿ.

ಈ ವಿಷಯ ನಮ್ಮ ದೇಶದಲ್ಲಿ ಎಲ್ಲರ ಕಿವಿಗೆ ಬಿದ್ದದ್ದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. 1999ರಲ್ಲಿ ಬೆಂಗಳೂರೂ ಸೇರಿದಂತೆ ಹಲವು ನಗರಗಳ ಮಕ್ಕಳ ರಕ್ತ ಪರೀಕ್ಷೆಯ ವರದಿ ಬಂತು. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ತುಪ್ಪಿಲ್ ವೆಂಕಟೇಶ್ ಅವರು ಇದರ ಹಿಂದೆ ಬಿದ್ದು ದಣಿಯದೆ ದುಡಿದರು. ಸೀಸದ ವಿಷಕ್ಕಾಗಿ ರಾಷ್ಟ್ರೀಯ ರೆಫರಲ್ ಕೇಂದ್ರ ಅಲ್ಲೇ ಆಯಿತು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಪಾಲಿಗಿಂತ ಹೆಚ್ಚು ಸೀಸ ಇರಕೂಡದು ಎಂಬ ನಿಯಮ 2017ರ ನವೆಂಬರಿನಿಂದ ಜಾರಿಗೆ ಬಂತು. ಬ್ಯಾಟರಿಗೆ 2001ರಲ್ಲೇ ನಿಯಮ ಬಂದಿತ್ತು, 2022ರಲ್ಲಿ ಅದನ್ನು ಹೊಸದಾಗಿ ಬಿಗಿ ಮಾಡಿದರು. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಟ್ಟು ಬೆಲೆಯಲ್ಲಿ ಕಳೆಸಿಕೊಳ್ಳಬಹುದು. ಒಡೆದು ಕರಗಿಸಿ ಉಳಿಯುವ ನಾಲ್ಕು ಕಾಸಿಗಿಂತ ಅದು ಎಷ್ಟೋ ಮೇಲು.

ಸೀಸವನ್ನೇ ಬಿಟ್ಟುಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಇಂಗ್ಲೆಂಡಿನಲ್ಲಿ ಗಾಳದ ಸಣ್ಣ ಸೀಸದ ಗುಂಡುಗಳನ್ನು ನುಂಗಿ ಹಂಸಗಳು ಸಾಯತೊಡಗಿದಾಗ, 1987ರಲ್ಲಿ ಅವನ್ನು ನಿಷೇಧಿಸಿದರು. ನಮ್ಮ ಬೀಸುಬಲೆಯಿಂದ ನೀರಿಗೆ ಕಳಚಿ ಬೀಳುವ ಗುಂಡು ಕಡಿಮೆ, ಹಾಗಾಗಿ ಹೊಳೆಗಿಂತ ಮನೆಯ ಹಿತ್ತಲಿನ ಬಗ್ಗೆಯೇ ನನಗೆ ಹೆಚ್ಚು ಯೋಚನೆ. ಸತುಲೇಪದ ಕಬ್ಬಿಣದ ಸರಪಣಿ ಕಟ್ಟಿದ ಬಲೆಯೂ ಬೀಳುತ್ತದೆ, ಕೈಗೆ ಹೊಸದು ಅನ್ನಿಸಬಹುದು, ಅಷ್ಟೇ. ಸಿದ್ಧ ಗುಂಡುಗಳೂ ಅಂಗಡಿಯಲ್ಲಿ ಸಿಗುತ್ತವೆ. ಮನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿದ್ದರೆ, ಬಸುರಿ, ಬಾಣಂತಿ ಇದ್ದರೆ, ಕರಗಿಸುವ ಕೆಲಸವನ್ನು ಮನೆಯ ಹತ್ತಿರ ಸುಳಿಯಗೊಡಬೇಡಿ. ಕೊಂಡೇ ತನ್ನಿ. ಈ ಒಂದು ವಿಷಯದಲ್ಲಿ ರಾಜಿ ಇಲ್ಲ.

ಬಹುಕಾಲದಿಂದ ಈ ಕೆಲಸ ಮಾಡುತ್ತಿರುವವರು ಹೊಟ್ಟೆನುಲಿತ, ಮಲಬದ್ಧತೆ, ಸುಸ್ತು, ಕೈಬೆರಳ ಜೋಮು, ಮಣಿಕಟ್ಟು ಎತ್ತಲಾಗದಿರುವುದು ಇಂಥವು ಇದ್ದರೆ ರಕ್ತದಲ್ಲಿ ಸೀಸದ ಮಟ್ಟ ನೋಡಿಸಬೇಕು. ಅದು ಮಾಮೂಲಿ ರಕ್ತ ಪರೀಕ್ಷೆಯಲ್ಲಿ ತಾನಾಗಿ ಬರುವುದಿಲ್ಲ, ಬೇರೆಯಾಗಿಯೇ ಬರೆಸಬೇಕು. ತಾಲ್ಲೂಕು ಆಸ್ಪತ್ರೆಯ ಡಾಕ್ಟರಿಗೆ "ಸಾರ್, ನಾನು ಬಲೆಗೆ ಸೀಸ ಕರಗಿಸ್ತೀನಿ" ಎಂದು ನೀವೇ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ರಕ್ತಹೀನತೆ ಎಂದು ಕಬ್ಬಿಣದ ಮಾತ್ರೆ, ಹೊಟ್ಟೆನೋವು ಎಂದು ಗ್ಯಾಸಿನ ಮಾತ್ರೆ ಬರೆದು ಕಳಿಸಿಯಾರು. ಅದು ಅವರ ತಪ್ಪಲ್ಲ. ಮಕ್ಕಳನ್ನು ಕರೆದುಕೊಂಡು ಹೋದಾಗಲೂ ಈ ಮಾತನ್ನು ಮೊದಲು ಹೇಳಿ.